ಸಂಕ್ರಾಂತಿಗೆ ಎತ್ತುಗಳನ್ನು ಬಾಡಿಗೆಗೆ ತಂದ ಊರು: ನಿಮ್ಮ ಕಡೆ ಎತ್ತು ಉಳಿದಿವೆಯೇ?

ಕೆರೆಯಂಗಳ (ನಾಗಮಂಗಲ ಕಡೆ)

ಈ ಸಲದ ಸಂಕ್ರಾಂತಿಗೆ ನಮ್ಮೂರಿನಲ್ಲಿ ಕಿಚ್ಚು ಹಾಯಿಸಲು ಪಕ್ಕದ ಹೋಬಳಿಯಿಂದ ಎರಡು ಜೋಡಿ ಹಳ್ಳಿಕಾರ್ ಎತ್ತುಗಳನ್ನು ಬಾಡಿಗೆಗೆ ತರಿಸಿದರು. ಟೆಂಪೋದಲ್ಲಿ ಬಂದವು, ಹಾರ ಹಾಕಿಸಿಕೊಂಡವು, ಬೆಂಕಿ ಹಾರಿದವು, ಊಟದ ಹೊತ್ತಿಗೆ ಮತ್ತೆ ಟೆಂಪೋ ಹತ್ತಿ ಹೊರಟವು. ಊರಿನಲ್ಲಿ ದನಗಳೇ ಇಲ್ಲವೆಂದಲ್ಲ. ಡೇರಿಗೆ ಹಾಲು ಹಾಕುವ ಮನೆಗಳೇ ಹೆಚ್ಚು, ಕೊಟ್ಟಿಗೆ ತುಂಬ ಸೀಮೆ ಹಸುಗಳಿವೆ. ಅವು ಬೆಂಕಿ ಕಂಡರೆ ಹಗ್ಗ ಕಿತ್ತುಕೊಂಡು ಓಡುತ್ತವೆ. ಬೆದರಿದರೆ ಹಾಲು ಕಡಿಮೆಯಾದೀತು ಎಂದು ಮನೆಯವರೂ ಬಿಡುವುದಿಲ್ಲ.

ನಮ್ಮ ತಾತನ ಕಾಲದಲ್ಲಿ ಎತ್ತಿಲ್ಲದ ಮನೆಗೆ ಹೆಣ್ಣು ಕೊಡಲು ಹಿಂದೆಮುಂದೆ ನೋಡುತ್ತಿದ್ದರಂತೆ. ಈಗ ಹಬ್ಬಕ್ಕೆ ಎತ್ತು ಬೇಕು, ಮೊಬೈಲ್‌ನಲ್ಲಿ ಕಳಿಸುವ ಶುಭಾಶಯದ ಚಿತ್ರಕ್ಕೆ ಎತ್ತು ಬೇಕು, ಹೊಲಕ್ಕೆ ಬೇಡ. ನಿಮ್ಮ ಊರುಗಳಲ್ಲಿ ಎತ್ತು ಸಾಕುವವರು ಇದ್ದಾರೆಯೇ? ಇದ್ದರೆ ಯಾವ ಲೆಕ್ಕದ ಮೇಲೆ ಸಾಕುತ್ತಿದ್ದಾರೆ? ಇನ್ನೊಂದು ಪ್ರಶ್ನೆ: ಹುಟ್ಟುವ ಗಂಡುಕರುಗಳು ಏನಾಗುತ್ತಿವೆ? ಇದಕ್ಕೆ ನಮ್ಮೂರಿನಲ್ಲಿ ಯಾರೂ ನೇರ ಉತ್ತರ ಕೊಡುವುದಿಲ್ಲ. ಕೇಳಿದರೆ ಮಾತು ಮಳೆಯ ಕಡೆಗೋ ಕೊಬ್ಬರಿ ರೇಟಿನ ಕಡೆಗೋ ಹೊರಳುತ್ತದೆ.

---

ನಿವೃತ್ತ ಪಶುವೈದ್ಯ

ನಿಮ್ಮ ಎರಡನೆಯ ಪ್ರಶ್ನೆ ಸರ್ಕಾರದ ಲೆಕ್ಕದಲ್ಲೇ ಕಾಣಿಸುತ್ತದೆ. 2012ರ ಜಾನುವಾರು ಗಣತಿಗೂ 2019ರ ಗಣತಿಗೂ ನಡುವೆ ದೇಶದಲ್ಲಿ ಹಸುಗಳ ಸಂಖ್ಯೆ ಶೇ. 18ರಷ್ಟು ಏರಿ 14.5 ಕೋಟಿ ದಾಟಿತು. ಅದೇ ಅವಧಿಯಲ್ಲಿ ಎತ್ತು, ಹೋರಿ, ಗಂಡುಕರು ಎಲ್ಲ ಸೇರಿ ಶೇ. 30ರಷ್ಟು ಇಳಿದು 4.74 ಕೋಟಿಗೆ ಬಂದವು. ಹುಟ್ಟುವಾಗ ಗಂಡು ಹೆಣ್ಣು ಹೆಚ್ಚುಕಡಿಮೆ ಸಮಸಮ. ಮಿಕ್ಕಿದ್ದನ್ನು ನೀವೇ ಲೆಕ್ಕ ಹಾಕಿಕೊಳ್ಳಿ.

ಕಾರಣ ಬರೀ ಟ್ರ್ಯಾಕ್ಟರ್ ಅಲ್ಲ. ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಜಿಯನ್ ಎಂಬ ಸೀಮೆ ಹಸು) ತಳಿಯ ಗಂಡುಕರುವಿಗೆ ಹಿಣಿಲು, ಅಂದರೆ ಹೆಗಲ ಡುಬ್ಬ, ಇರುವುದಿಲ್ಲ, ನೊಗ ಕೂರುವುದಿಲ್ಲ. ಬಿಸಿಲು ತಡೆಯುವುದಿಲ್ಲ. ಹಿಂದೆ ಒಂದೇ ನಾಟಿ ಹಸು ಮನೆಗೆ ಹಾಲನ್ನೂ ಕೊಡುತ್ತಿತ್ತು, ಉಳುವ ಎತ್ತನ್ನೂ ಹೆತ್ತು ಕೊಡುತ್ತಿತ್ತು. ಹಳ್ಳಿಕಾರ್ ಹಸುವಿನ ಹಾಲು ಅಷ್ಟಕ್ಕಷ್ಟೇ. ಅದನ್ನು ಸಾಕುತ್ತಿದ್ದುದೇ ಅದರ ಗಂಡುಕರುವಿಗಾಗಿ. ಹೆಚ್ಚು ಹಾಲಿನ ತಳಿ ಬಂದ ದಿನವೇ ಗಂಡುಕರು ಬೇಡದ ಕೂಸಾಯಿತು. ಈಗ ಹೆಣ್ಣುಕರುವೇ ಹುಟ್ಟುವಂತೆ ಲಿಂಗ ನಿರ್ಧರಿತ ವೀರ್ಯದ ಕಡ್ಡಿಗಳು ಬಂದಿವೆ, ಹತ್ತರಲ್ಲಿ ಒಂಬತ್ತು ಹೆಣ್ಣು ಎನ್ನುತ್ತಾರೆ. ಗಂಡುಕರು ಹುಟ್ಟದಿರುವುದೇ ಸಮಸ್ಯೆಗೆ ಪರಿಹಾರ ಎಂದು ಇಲಾಖೆಯೇ ಒಪ್ಪಿಕೊಂಡಂತಾಯಿತು.

ಹಾಗೆಯೇ ಒಂದು ಮಾತು. ಕಿಚ್ಚು ಹಾಯಿಸಿದರೆ ದನದ ಮೈಗೆ ಹತ್ತಿದ ಉಣ್ಣೆಹುಳಗಳು ಸಾಯುತ್ತವೆ ಎಂದು ಪ್ರತಿ ಸಂಕ್ರಾಂತಿಗೂ ಯಾರಾದರೂ ಬರೆಯುತ್ತಾರೆ. ಕ್ಷಣಾರ್ಧದಲ್ಲಿ ದಾಟುವ ಹುಲ್ಲುಬೆಂಕಿಗೆ ಒಂದು ಉಣ್ಣೆಯೂ ಸಾಯುವುದಿಲ್ಲ. ಹಬ್ಬವನ್ನು ಹಬ್ಬವೆಂದೇ ಮಾಡಿ, ಉಣ್ಣೆಗೆ ಔಷಧಿ ಹಾಕಿಸಿ.

---

ಹಾಲಿನ ಕ್ಯಾನು (ಚನ್ನರಾಯಪಟ್ಟಣ)

ಕೆರೆಯಂಗಳದ ಅಣ್ಣನಿಗೆ ಬೇಕಾದ ನೇರ ಉತ್ತರವನ್ನು ನಾನು ಕೊಡುತ್ತೇನೆ. ಗಂಡುಕರು ಹುಟ್ಟಿದರೆ ಮೊದಲ ಕೆಲವು ದಿನ ಗಿಣ್ಣುಹಾಲು ಕುಡಿಯಲು ಬಿಡುತ್ತಾರೆ, ಹೇಗಿದ್ದರೂ ಅದನ್ನು ಡೇರಿಯಲ್ಲಿ ತೆಗೆದುಕೊಳ್ಳುವುದಿಲ್ಲ. ಆಮೇಲೆ ತಾಯಿಯ ಮುಂದೆ ಕಟ್ಟಿ, ಹಾಲು ಸೊರೆಯುವಷ್ಟು ಹೊತ್ತು ಬಾಯಿ ಹಾಕಿಸಿ ಎಳೆದುಬಿಡುತ್ತಾರೆ. ಅದು ಕುಡಿಯುವ ಒಂದೊಂದು ಲೀಟರೂ ಡೇರಿಯ ಪುಸ್ತಕದಲ್ಲಿ ಕಡಿಮೆಯಾಗುತ್ತದೆ, ಲೀಟರಿಗೆ ಇಷ್ಟೆಂದು ಸರ್ಕಾರದಿಂದ ಬರುವ ಪ್ರೋತ್ಸಾಹಧನವೂ ಹೋಗುತ್ತದೆ. ಕರು ಸೊರಗುತ್ತದೆ, ಬೇಧಿಯಾಗುತ್ತದೆ, ಒಂದು ಬೆಳಿಗ್ಗೆ ಏಳುವುದಿಲ್ಲ. "ಉಳಿಯಲಿಲ್ಲ" ಎನ್ನುತ್ತೇವೆ. ಯಾರೂ ಕೊಂದಿರುವುದಿಲ್ಲ.

ಮೊದಲು ಕರು ಕೊಳ್ಳುವವರು ಮನೆ ಬಾಗಿಲಿಗೇ ಬಂದು ಕೊಟ್ಟಷ್ಟು ಕೊಟ್ಟು ಒಯ್ಯುತ್ತಿದ್ದರು. ಈಗ ಬರುವುದಿಲ್ಲ, ಬಂದರೂ ಕತ್ತಲಲ್ಲಿ. ಹಾಗಾಗಿ ಹೆದ್ದಾರಿಯ ಪಕ್ಕ, ದೇವಸ್ಥಾನದ ಬಯಲಲ್ಲಿ ಬಿಟ್ಟು ಬರುವವರೂ ಇದ್ದಾರೆ. ಬಿಟ್ಟು ಬಂದವರೇ ಮರುದಿನ ಗೋಪೂಜೆಗೆ ಅರಿಶಿನ ಕುಂಕುಮ ಹಚ್ಚುವುದನ್ನು ನೋಡಿದ್ದೇನೆ. ಅವರು ಕೆಟ್ಟವರಲ್ಲ. ಅವರ ಕೊಟ್ಟಿಗೆಯ ಲೆಕ್ಕ ನನಗೆ ಗೊತ್ತು.

ಎತ್ತಿನ ಬಗ್ಗೆ ಇಲ್ಲಿ ಬರೆಯುವವರಲ್ಲಿ ಬಹುಪಾಲು ಗಂಡಸರು. ಜಾತ್ರೆಯಲ್ಲಿ ಮೂಗುದಾರ ಹಿಡಿದು ಫೋಟೋ ತೆಗೆಸಿಕೊಳ್ಳುವವರೂ ಅವರೇ. ಬೆಳಿಗ್ಗೆ ಐದಕ್ಕೆ ಸಗಣಿ ಬಾಚುವುದು, ಮೇವು ಕೊಯ್ದು ತರುವುದು, ಬೂಸಾ ಕಲಸುವುದು ಯಾರು ಎಂದು ಆಗಾಗ ನೆನಪಿಸಿಕೊಳ್ಳಿ.

---

ಖಿಲಾರಿ ಜೋಡಿ (ಸಿಂದಗಿ)

ನಮ್ಮ ಕಡೆ ಎತ್ತು ಇನ್ನೂ ಉಳಿದಿವೆ, ಅದೂ ಕೆಲಸಕ್ಕಾಗಿ. ಎರೆಭೂಮಿಯಲ್ಲಿ ತೊಗರಿ, ಹತ್ತಿ ಮೊಳಕಾಲೆತ್ತರ ಬಂದ ಮೇಲೆ ಸಾಲಿನ ನಡುವೆ ಕಳೆ ತೆಗೆಯುವ ಎಡೆ ಹೊಡೆಯಲು ಟ್ರ್ಯಾಕ್ಟರ್ ಹೋಗುವುದಿಲ್ಲ. ಬಿತ್ತನೆಯ ಹೊತ್ತಿಗೆ ಮಳೆ ಬಂದು ಹಸಿ ಹೆಚ್ಚಾದರೆ ಗಾಲಿ ಹೂತುಕೊಳ್ಳುತ್ತದೆ, ಎತ್ತು ನಡೆಯುತ್ತವೆ. ನಮ್ಮ ಜೋಡಿ ವರ್ಷದಲ್ಲಿ ಎಷ್ಟು ದಿನ ದುಡಿಯುತ್ತದೆ ಎಂದು ಕೇಳಬೇಡಿ, ಮೇವಿನ ಖರ್ಚಿಗೆ ಹೋಲಿಸಿದರೆ ನಾಚಿಕೆಯಾಗುತ್ತದೆ. ಆದರೆ ಆ ಕೆಲವು ದಿನಗಳಲ್ಲಿ ಬಾಡಿಗೆ ಎತ್ತು ಸಿಗುವುದೇ ಇಲ್ಲ, ಎಲ್ಲರಿಗೂ ಒಮ್ಮೆಲೇ ಬೇಕು.

ಕಾರಹುಣ್ಣಿಮೆಗೆ ಕೋಡಿಗೆ ಬಣ್ಣ, ಕೋಡಣಸು, ಬೆನ್ನಿಗೆ ಜೂಲು ಹಾಕಿ ಅಗಸಿ ಬಾಗಿಲಲ್ಲಿ, ಅಂದರೆ ಊರಬಾಗಿಲಲ್ಲಿ, ಎತ್ತುಗಳನ್ನು ಓಡಿಸಿ ಕರಿ ಹರಿಸುತ್ತೇವೆ. ಬಿಳಿ ಎತ್ತು ಮುಂದಾದರೆ ಹಿಂಗಾರಿ ಚೆನ್ನ, ಕೆಂದ ಎತ್ತು ಮುಂದಾದರೆ ಮುಂಗಾರಿ ಚೆನ್ನ ಎಂದು ಹಿರಿಯರು ಲೆಕ್ಕ ಹಾಕುತ್ತಾರೆ. ಈಚೆಗೆ ಓಡುವವೆಲ್ಲ ಬಿಳಿ ಖಿಲಾರಿ ತಳಿಯವೇ, ಹಾಗಾಗಿ ಪ್ರತಿ ವರ್ಷವೂ ಹಿಂಗಾರಿಯೇ ಗೆಲ್ಲುತ್ತದೆ. ಬೆಳೆ ಮಾತ್ರ ತನಗೆ ತಿಳಿದಂತೆ ಬರುತ್ತದೆ. ಹದಿನೈದು ದಿನ ಬಿಟ್ಟು ಮಣ್ಣೆತ್ತಿನ ಅಮಾವಾಸ್ಯೆ. ಕುಂಬಾರರ ಮನೆಯಿಂದ ಜೋಡಿ ಮಣ್ಣೆತ್ತು ತಂದು ಜಗಲಿಯ ಮೇಲಿಟ್ಟು ಪೂಜೆ. ಎತ್ತು ಮಾರಿದ ಮನೆಗಳಲ್ಲೂ ಮಣ್ಣೆತ್ತು ತಪ್ಪಿಲ್ಲ. ಅದಕ್ಕೆ ಮೇವು ಬೇಕಿಲ್ಲವಲ್ಲ!

---

ಓಟದ ಹೋರಿ (ಮಳವಳ್ಳಿ)

ಎತ್ತಿನ ಗಾಡಿ ಓಟ ಇಲ್ಲದಿದ್ದರೆ ಹಳ್ಳಿಕಾರ್ ತಳಿ ನಮ್ಮ ಕಡೆ ಯಾವಾಗಲೋ ಮುಗಿದಿರುತ್ತಿತ್ತು. 2014ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಬಂದು ಓಟ ನಿಂತಾಗ ಜಾತ್ರೆಯಲ್ಲಿ ಹೋರಿಕರುವಿನ ಬೆಲೆ ಬಿದ್ದದ್ದನ್ನು ಕಣ್ಣಾರೆ ಕಂಡಿದ್ದೇವೆ. 2017ರಲ್ಲಿ ರಾಜ್ಯ ಸರ್ಕಾರ ಓಟಕ್ಕೆ ಅವಕಾಶವಾಗುವಂತೆ ಪ್ರಾಣಿಹಿಂಸೆ ತಡೆ ಕಾಯ್ದೆಗೆ ತಿದ್ದುಪಡಿ ತಂದಿತು, 2023ರ ಮೇ ತಿಂಗಳಲ್ಲಿ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ಅದನ್ನು ಎತ್ತಿಹಿಡಿಯಿತು. ಈಗ ಒಳ್ಳೆಯ ಸುಳಿ, ಒಳ್ಳೆಯ ಗೊರಸು ಇರುವ ಕರು ಹುಟ್ಟಿದರೆ ಅದಕ್ಕೆ ತಾಯಿಯ ಹಾಲೆಲ್ಲ ಬಿಡುತ್ತಾರೆ. ಹಾಲಿನ ಕ್ಯಾನು ಅಕ್ಕ ಹೇಳಿದ ಗತಿ ಅದಕ್ಕಿಲ್ಲ.

ವ್ಯಾಪಾರ ನೋಡಬೇಕೆಂದರೆ ಘಾಟಿ ಸುಬ್ರಹ್ಮಣ್ಯದ ಜಾತ್ರೆಗೋ ಮುಡುಕುತೊರೆಗೋ ಬನ್ನಿ. ದಳ್ಳಾಳಿ ಮೊದಲು ವಯಸ್ಸು ತಿಳಿಯಲು ಬಾಯಿ ತೆರೆಸಿ ಹಲ್ಲು ನೋಡುತ್ತಾನೆ: ಹಾಲುಹಲ್ಲೋ, ಎರಡು ಹಲ್ಲೋ, ಎಲ್ಲ ಹಲ್ಲು ಬಂದು ಬಾಯಿಗೂಡಿದೆಯೋ. ಆಮೇಲೆ ಬೆನ್ನ ಮೇಲೆ ಕೈಯಾಡಿಸಿ ಸುಳಿ ಎಣಿಸುತ್ತಾನೆ, ಬಾಲ ಎತ್ತುತ್ತಾನೆ, ಹತ್ತು ಹೆಜ್ಜೆ ನಡೆಸುತ್ತಾನೆ. ಬೆಲೆಯ ಮಾತು ಬಾಯಲ್ಲಿ ಬರುವುದಿಲ್ಲ. ಟವೆಲ್ ಕೆಳಗೆ ಇಬ್ಬರೂ ಕೈ ಸೇರಿಸಿ ಬೆರಳು ಹಿಡಿದು ಹೇಳಿಕೊಳ್ಳುತ್ತಾರೆ. ಸುತ್ತ ನಿಂತವರಿಗೆ ಕಾಣುವುದು ಮುಖ ಮಾತ್ರ. ಮೊಬೈಲ್‌ನಲ್ಲಿ ಹಣ ಕಳಿಸುವ ಈ ಕಾಲದಲ್ಲೂ ಟವೆಲ್ ಹೋಗಿಲ್ಲ.

---

ಮೂಕಸಾಕ್ಷಿ (ಬೆಂಗಳೂರು)

ತಳಿ ಉಳಿಯಬೇಕೆಂದರೆ ಬಾಲ ತಿರುಚಿ ಓಡಿಸಲೇಬೇಕೇ? ನಿಮ್ಮ ವಾದದ ಪ್ರಕಾರ ಗೆಲ್ಲುವ ಹೋರಿಗೆ ಮಾತ್ರ ಬದುಕುವ ಹಕ್ಕು. ಸೋತ ಹೋರಿ, ಮುದಿಯಾದ ಹೋರಿ ಎಲ್ಲಿಗೆ ಹೋಗುತ್ತದೆ ಎಂಬುದನ್ನು ಬರೆಯಲಿಲ್ಲ.

ಇನ್ನು ಕೆಲಸದ ಎತ್ತಿನ ಬಗ್ಗೆಯೂ ಇಲ್ಲಿ ತುಂಬ ಭಾವುಕರಾಗುತ್ತಿದ್ದೀರಿ. ಕಬ್ಬಿನ ಹಂಗಾಮಿನಲ್ಲಿ ಸಕ್ಕರೆ ಕಾರ್ಖಾನೆಗಳ ಗೇಟಿನ ಮುಂದೆ ಗಾಡಿಗಳ ಸಾಲು ನೋಡಿ. ಕಬ್ಬಿನ ಹೊರೆ ಮನೆಯೆತ್ತರ, ಎತ್ತಿನ ಕತ್ತು ನೆಲದತ್ತ, ಹೆಗಲು ಬಾತು ಹುಣ್ಣು. 1965ರ ನಿಯಮದಂತೆ ಭಾರ ಎಳೆಯುವ ಪ್ರಾಣಿಯನ್ನು ದಿನಕ್ಕೆ ಒಂಬತ್ತು ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ, ಉಷ್ಣಾಂಶ 37 ಡಿಗ್ರಿ ದಾಟುವ ಜಾಗದಲ್ಲಿ ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ ಕಟ್ಟುವಂತಿಲ್ಲ. ಈ ನಿಯಮ ಇದೆಯೆಂಬುದು ಇಲ್ಲಿ ಎಷ್ಟು ಜನರಿಗೆ ಗೊತ್ತು?

---

ಓಟದ ಹೋರಿ

ಸೋತ ಹೋರಿಯನ್ನು ಬೀಜ ಒಡೆಸಿ ಗಾಡಿಗೋ ನೇಗಿಲಿಗೋ ಕೊಡುತ್ತಿದ್ದೆವು. ಈಗ ಗಾಡಿಯೂ ಇಲ್ಲ, ನೇಗಿಲೂ ಇಲ್ಲ. ನೀವು ಕೇಳಿದ್ದು ಸರಿಯಾದ ಪ್ರಶ್ನೆಯೇ, ನನ್ನ ಬಳಿ ಒಳ್ಳೆಯ ಉತ್ತರ ಇಲ್ಲ. ಬಾಲ ಕಚ್ಚುವವರನ್ನು, ಮೊಳೆ ಚುಚ್ಚುವವರನ್ನು ನಾವೇ ಸಾಲಿನಿಂದ ಹೊರಗೆ ಹಾಕುತ್ತೇವೆ. ಎಲ್ಲ ಕಡೆ ಹಾಗೆ ನಡೆಯುವುದಿಲ್ಲ.

---

ಸಾಫ್ಟ್‌ವೇರ್ ಗೋಪಾಲ

ಇಷ್ಟೆಲ್ಲ ಯಾಕೆ? ಬೇಡವಾದ ದನಗಳನ್ನು ಗೋಶಾಲೆಗೆ ಕೊಟ್ಟರಾಯಿತು. ಸರ್ಕಾರದ ಪುಣ್ಯಕೋಟಿ ದತ್ತು ಯೋಜನೆಯಲ್ಲಿ ವರ್ಷಕ್ಕೆ 11,000 ರೂಪಾಯಿ ಕಟ್ಟಿದರೆ ಒಂದು ಹಸು ನಮ್ಮ ಹೆಸರಿನಲ್ಲಿ ಬೆಳೆಯುತ್ತದೆ.

---

ಹಾಲಿನ ಕ್ಯಾನು

ತಮ್ಮಾ, 11,000ವನ್ನು 365ರಿಂದ ಭಾಗಿಸು. ದಿನಕ್ಕೆ ಮೂವತ್ತು ರೂಪಾಯಿ ಬರುತ್ತದೆ. ಆ ದುಡ್ಡಿಗೆ ನಮ್ಮೂರಿನಲ್ಲಿ ಒಂದು ದನ ಹೊಟ್ಟೆ ತುಂಬ ತಿನ್ನುವಷ್ಟು ಒಣಹುಲ್ಲೂ ಬೇಸಿಗೆಯಲ್ಲಿ ಸಿಗುವುದಿಲ್ಲ. ಬೂಸಾ, ಔಷಧಿ, ಆಳಿನ ಕೂಲಿ ಬೇರೆ. ದುಡ್ಡು ಕೊಡಬೇಡ ಎನ್ನುತ್ತಿಲ್ಲ, ಕೊಡು. ಅದರಿಂದ ಎಲ್ಲ ಮುಗಿಯಿತು ಎಂದುಕೊಳ್ಳಬೇಡ.

---

ನಿರ್ವಾಹಕ

ಗೋಹತ್ಯೆ ಕಾಯ್ದೆಯ ಪರ ವಿರೋಧ ಬರೆದಿದ್ದ ಕೆಲವು ಪ್ರತಿಕ್ರಿಯೆಗಳನ್ನು ತೆಗೆದಿದ್ದೇನೆ, ಬೈಗುಳವಿತ್ತು. ಕಾಯ್ದೆಯ ಬಗ್ಗೆ ಬರೆಯುವವರು ವಿಷಯ ಬರೆಯಿರಿ. 1964ರ ಕಾಯ್ದೆಯಲ್ಲಿ ಹನ್ನೆರಡು ವರ್ಷ ದಾಟಿದ ಅಥವಾ ಕೆಲಸಕ್ಕೆ ಬಾರದ ಎತ್ತು, ಹೋರಿಗಳಿಗೆ ಪ್ರಮಾಣಪತ್ರದ ಮೇಲೆ ವಿನಾಯಿತಿ ಇತ್ತು. 2021ರಲ್ಲಿ ಜಾರಿಗೆ ಬಂದ ಕಾಯ್ದೆಯಲ್ಲಿ ಅದು ಹೋಗಿ, ಹದಿಮೂರು ವರ್ಷ ದಾಟಿದ ಎಮ್ಮೆ ಕೋಣಗಳಿಗೆ ಮಾತ್ರ ಉಳಿದಿದೆ. ಇಷ್ಟು ಇಲ್ಲಿಗೆ ಸಾಕು.

---

ತಮಟೆ ಬೀದಿ (ಗುಬ್ಬಿ)

ಈ ಚರ್ಚೆಯಲ್ಲಿ ಎತ್ತು ಹುಟ್ಟುತ್ತದೆ, ದುಡಿಯುತ್ತದೆ, ಓಡುತ್ತದೆ. ಸತ್ತ ಮೇಲೆ ಏನಾಗುತ್ತಿತ್ತು ಎಂದು ಇಷ್ಟು ಜನರಲ್ಲಿ ಒಬ್ಬರೂ ಬರೆದಿಲ್ಲ. ಗೌಡರ ಕೊಟ್ಟಿಗೆಯಲ್ಲಿ ಎತ್ತು ಸತ್ತರೆ ನಮ್ಮ ಕೇರಿಗೆ ಹೇಳಿ ಕಳಿಸುತ್ತಿದ್ದರು. ಹೊತ್ತು ಹೋಗಿ ಚರ್ಮ ಸುಲಿದು ಹದ ಮಾಡಿ, ಅದೇ ಚರ್ಮದಿಂದ ಅದೇ ಗೌಡರಿಗೆ ಬಾರುಕೋಲು, ಮಿಣಿ, ಕಪಿಲೆ ಬಾವಿಯ ಬಾನಿ (ನೀರೆತ್ತುವ ಚರ್ಮದ ಚೀಲ), ಕಾಲಿಗೆ ಮೆಟ್ಟು ಮಾಡಿಕೊಡಬೇಕಿತ್ತು. ಸುಗ್ಗಿಯಲ್ಲಿ ಕಣದ ಬದಿಯಲ್ಲಿ ನಿಂತು ಆಯ, ಅಂದರೆ ಪಾಲಿನ ಕಾಳು, ಪಡೆಯಬೇಕಿತ್ತು. ಬದುಕಿದ್ದಾಗ ಎತ್ತಿನ ಮೈ ಮುಟ್ಟಿ ಹಣೆಗೆ ಕುಂಕುಮ ಇಡುವವರು ಬೇರೆ, ಸತ್ತಾಗ ಮುಟ್ಟುವವರು ಬೇರೆ. ಎರಡನೆಯ ಸ್ಪರ್ಶಕ್ಕೆ ನಮ್ಮನ್ನು ಊರಾಚೆ ಇಟ್ಟರು.

1927ರಲ್ಲಿ ಮಹಾರಾಷ್ಟ್ರದ ಮಹಾಡ್‌ನಲ್ಲಿ ಅಂಬೇಡ್ಕರ್ ಸತ್ತ ದನದ ಮಾಂಸ ಬಿಡಿ ಎಂದು ಕರೆ ಕೊಟ್ಟರು. ನಮ್ಮ ಕೇರಿಯವರು ಸತ್ತ ದನ ಹೊರುವುದಿಲ್ಲ ಎಂದು ನಿಂತದ್ದು ಬಹಳ ತಡವಾಗಿ, ನಮ್ಮಪ್ಪನ ಕಾಲದಲ್ಲಿ. ಆಗ ಊರಿನವರು ಹೊಲಕ್ಕೆ ಕೂಲಿಗೆ ಕರೆಯುವುದನ್ನೇ ನಿಲ್ಲಿಸಿದ್ದರಂತೆ. ಎತ್ತಿನ ಕಾಲ ಹೋಯಿತೆಂದು ನೀವೆಲ್ಲ ಮರುಗುತ್ತೀರಿ. ಅದರ ಜೊತೆ ಹೋದವುಗಳಲ್ಲಿ ಕೆಲವು ಹೋಗಲೇಬೇಕಿತ್ತು. ಟ್ರ್ಯಾಕ್ಟರ್ ಸತ್ತರೆ ಹೊರುವುದಕ್ಕೆ ನಮ್ಮನ್ನು ಯಾರೂ ಕರೆಯುವುದಿಲ್ಲ.

---

ಕೆರೆಯಂಗಳ

ತಮಟೆ ಬೀದಿಯವರೇ, ಎರಡು ಸಲ ಓದಿದೆ. ನಮ್ಮ ತಾತನ ಎತ್ತುಗಳ ಕಥೆ ನಮ್ಮ ಮನೆಯಲ್ಲಿ ನೂರು ಸಲ ಹೇಳಿದ್ದಾರೆ. ಅವು ಸತ್ತ ದಿನದ ಕಥೆಯಲ್ಲಿ ಹೊತ್ತವರು ಯಾರೆಂಬುದು ಒಮ್ಮೆಯೂ ಬಂದಿಲ್ಲ.

---

ಬಿಳಿಗೊರಸು (ಚಳ್ಳಕೆರೆ)

ಕೆಲಸ ಮಾಡದಿದ್ದರೆ ಎತ್ತನ್ನು ಯಾರು ಸಾಕುತ್ತಾರೆ ಎಂದು ಎಲ್ಲರೂ ಕೇಳುತ್ತಿದ್ದೀರಿ. ಚಳ್ಳಕೆರೆ, ಮೊಳಕಾಲ್ಮುರು ಕಡೆಯ ಮ್ಯಾಸಬೇಡ ಸಮುದಾಯದವರ ಹಟ್ಟಿಗಳಿಗೆ ಬನ್ನಿ. ದೇವರ ಎತ್ತುಗಳೆಂದು ಮಂದೆಗಳೇ ಇವೆ. ಇವುಗಳ ಕತ್ತಿಗೆ ನೊಗ ಇಡುವುದಿಲ್ಲ, ಮಾರುವುದಿಲ್ಲ. ಕಾಯಲು ಕಿಲಾರಿ ಎಂಬವನಿದ್ದಾನೆ, ಮಂದೆಯ ಜೊತೆಗೇ ಅವನ ಬದುಕು. ಸತ್ತರೆ ಮನುಷ್ಯರಿಗೆ ಮಾಡುವಂತೆ ಮಣ್ಣು ಮಾಡುತ್ತಾರೆ. ಚರ್ಮ ಸುಲಿಯುವ ಮಾತಿಲ್ಲ.

ಹಾಗೆಂದು ಪುಕ್ಕಟೆ ಭಕ್ತಿ ಎಂದುಕೊಳ್ಳಬೇಡಿ. ಭಕ್ತಿಗೂ ಕಾವಲು, ಅಂದರೆ ಮೇಯುವ ಹುಲ್ಲುಗಾವಲು, ಬೇಕು. ಬರ ಬಂದ ವರ್ಷ ಈ ಎತ್ತುಗಳು ಎಲುಬಿನ ಹಂದರವಾಗುತ್ತವೆ, ದಾನಿಗಳು ಲಾರಿಯಲ್ಲಿ ಮೇವು ಕಳಿಸಬೇಕಾಗುತ್ತದೆ. ಮೊದಲು ಮೇಯಲು ಕಾವಲುಗಳಿದ್ದವು. ನಮ್ಮ ಸೀಮೆಯಲ್ಲಿ ದೊಡ್ಡದೆಂದರೆ ಅಮೃತಮಹಲ್ ಕಾವಲು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಅದು ಬೆಣ್ಣೆ ಚಾವಡಿ. ಅರಮನೆಗೆ ಹಾಲು ಬೆಣ್ಣೆ ಕೊಡುತ್ತಿದ್ದ ದನಗಳ ಮಂದೆಯನ್ನು ಹೈದರಾಲಿ ದಂಡಿನ ಸಾಗಾಣಿಕೆಗೆ ಬೆಳೆಸಿದ, ಟಿಪ್ಪು ಅಮೃತಮಹಲ್ ಎಂದು ಹೆಸರಿಟ್ಟ. ಈ ಎತ್ತುಗಳ ಬಲದಿಂದ ಹೈದರ್ ಚಿದಂಬರಂ ಕಡೆಗೆ ಎರಡೂವರೆ ದಿನದಲ್ಲಿ ನೂರು ಮೈಲಿ ದಂಡು ನಡೆಸಿದನೆಂದು ಬ್ರಿಟಿಷರೇ ಬರೆದಿಟ್ಟಿದ್ದಾರೆ. 1799ರ ನಂತರ ಅವರೇ ಮಂದೆಯನ್ನು ಇಟ್ಟುಕೊಂಡರು. 1860ರಲ್ಲಿ ಖರ್ಚು ಹೆಚ್ಚೆಂದು ಮಾರಿ, ದಂಡಿಗೆ ಎತ್ತು ಸಿಗದೆ 1866ರಲ್ಲಿ ಮತ್ತೆ ಕಟ್ಟಿದರು. ಅಂದರೆ ಕೆಲಸ ತಪ್ಪಿದ ಎತ್ತಿಗೆ ಲೆಕ್ಕಪುಸ್ತಕದಲ್ಲಿ ಜಾಗವಿಲ್ಲ ಎಂಬ ಮಾತು ಟ್ರ್ಯಾಕ್ಟರ್ ಬರುವುದಕ್ಕೂ ಮೊದಲಿನದು.

ಈಗ ತಳಿ ಅಜ್ಜಂಪುರದ ಕೇಂದ್ರದಲ್ಲಿದೆ, ಕಾವಲುಗಳು ಚೂರುಚೂರಾಗಿವೆ. ನಮ್ಮ ತಾಲ್ಲೂಕಿನಲ್ಲೇ ಸುಮಾರು ಹತ್ತು ಸಾವಿರ ಎಕರೆ ಹುಲ್ಲುಗಾವಲನ್ನು ರಕ್ಷಣಾ, ಅಣುಶಕ್ತಿ, ಬಾಹ್ಯಾಕಾಶ, ವಿಜ್ಞಾನ ಸಂಸ್ಥೆಗಳಿಗೆ ಕೊಟ್ಟರು. ಬೇಲಿ ಎದ್ದ ಮೇಲೆ ಕುರಿಯವರು, ದನದವರು ಬೇಲಿಯ ಆಚೆ ನಿಂತರು. ಸರ್ಕಾರಿ ಕಾಗದದಲ್ಲಿ ಅದು ಖಾಲಿ ಜಾಗ. ಗೋವಿನ ಬಗ್ಗೆ ಭಾಷಣ ಮಾಡುವ ಯಾವ ಪಕ್ಷವೂ ಗೋಮಾಳದ ಬಗ್ಗೆ ಅಷ್ಟು ಜೋರಾಗಿ ಮಾತಾಡಿದ್ದು ನಾನು ಕೇಳಿಲ್ಲ.

---

ಎಂಟು ತಗಡು (ಅರಸೀಕೆರೆ)

ನಮ್ಮ ತಂದೆ ಸಂತೆಮೈದಾನದಲ್ಲಿ ಲಾಳ ಕಟ್ಟುತ್ತಿದ್ದರು, ತಾತನೂ ಅದೇ. ಎತ್ತಿನ ಕಾಲಿಗೆ ಹಗ್ಗ ಸುತ್ತಿ ನೋವಾಗದಂತೆ ನೆಲಕ್ಕೆ ಕೆಡವಿ, ನಾಲ್ಕೂ ಕಾಲು ಕಟ್ಟಿ, ಗೊರಸನ್ನು ಉಳಿಯಿಂದ ಹೆರೆದು ಸಮ ಮಾಡುವುದೇ ಅರ್ಧ ಕೆಲಸ. ಸೀಳು ಗೊರಸಾದ್ದರಿಂದ ಒಂದು ಕಾಲಿಗೆ ಎರಡು ತಗಡು, ಒಂದು ಎತ್ತಿಗೆ ಎಂಟು. ಮೊಳೆ ಒಂದು ಕೂದಲೆಳೆ ಒಳಗೆ ಹೋದರೂ ಎತ್ತು ಕುಂಟುತ್ತದೆ. ಕೆಡವಿದ ಎತ್ತಿನ ತಲೆಯ ಬಳಿ ಯಜಮಾನ ಕುಳಿತು ಕಣ್ಣು ಮುಚ್ಚಿ ಹಿಡಿದು ಮಾತಾಡಿಸುತ್ತಿರಬೇಕು. ಯಾರ ಎತ್ತು ಯಾರ ಮಾತು ಕೇಳುತ್ತದೆ ಎಂದು ತಂದೆ ಅಲ್ಲೇ ಹೇಳಿಬಿಡುತ್ತಿದ್ದರು: "ಈ ಎತ್ತನ್ನು ಸಾಕಿದವನು ನೀನಲ್ಲ, ನಿನ್ನ ಹೆಂಡತಿಯನ್ನು ಕಳಿಸು."

ನಾನು ಪಂಕ್ಚರ್ ಅಂಗಡಿ ಇಟ್ಟಿದ್ದೇನೆ. ಸುತ್ತಿಗೆ ಅವರದೇ.

---

ಹಾಲಿನ ಕ್ಯಾನು

ಭಾಯ್, ನಿಮ್ಮ ತಂದೆಯವರ ಆ ಮಾತನ್ನು ನಮ್ಮ ಮಹಿಳಾ ಸಂಘದ ಗೋಡೆಯ ಮೇಲೆ ಬರೆಸುತ್ತೇನೆ.

---

ಕೆರೆಯಂಗಳ

ಇದನ್ನೆಲ್ಲ ಊರಿನ ಕೆಲವರಿಗೆ ಓದಿ ಹೇಳಿದೆ. ಅದರಿಂದ ಒಂದು ಪ್ರಸ್ತಾಪ ಹುಟ್ಟಿದೆ: ಊರೊಟ್ಟಿನಿಂದ ಹಣ ಹಾಕಿ ಒಂದು ಜೋಡಿ ಹಳ್ಳಿಕಾರ್ ಕರುಗಳನ್ನು ತರುವುದು. ದೇವಸ್ಥಾನದ ಪಕ್ಕದ ಖಾಲಿ ಜಾಗದಲ್ಲಿ ಕೊಟ್ಟಿಗೆ. ರಾಗಿ ಹೊಲದಲ್ಲಿ ಕುಂಟೆ ಹೊಡೆಯಲು ಬೇಕಾದವರಿಗೆ ಬಾಡಿಗೆ, ಗೊಬ್ಬರ ಹರಾಜು, ಸಂಕ್ರಾಂತಿಗೆ ನಮ್ಮದೇ ಎತ್ತು. ಡಾಕ್ಟರೇ, ಎಷ್ಟು ವಯಸ್ಸಿನ ಕರು ತರಬೇಕು? ನಡೆಯುವ ಮಾತೇ ಇದು?

---

ನಿವೃತ್ತ ಪಶುವೈದ್ಯ

ಇನ್ನೂ ಹಲ್ಲು ಹಾಕದ, ಎರಡು ವರ್ಷದ ಒಳಗಿನ ಜೋಡಿ ತನ್ನಿ, ಕೈಗೆ ಒಗ್ಗುತ್ತವೆ. ಬೀಜ ಒಡೆಸಲು ಹಳೆಯ ಕಾಲದ ಕಲ್ಲು, ಕೋಲು ಬೇಡ. ಆಸ್ಪತ್ರೆಯಲ್ಲಿ ಇಕ್ಕಳವಿದೆ, ಗಾಯವಾಗುವುದಿಲ್ಲ. ಎರಡು ಹಲ್ಲು ಹಾಕುವ ಹೊತ್ತಿಗೆ ಖಾಲಿ ನೊಗ ಇಟ್ಟು ನಡೆಸಿ. ಕಾಲುಬಾಯಿ ಜ್ವರ ಮತ್ತು ಚರ್ಮಗಂಟು ರೋಗದ ಲಸಿಕೆ ಆಗಿದೆಯೇ ಎಂದು ಕೊಳ್ಳುವ ಮೊದಲೇ ಕೇಳಿ. 2022ರಲ್ಲಿ ಆ ಗಂಟು ರೋಗದಿಂದ ಎಷ್ಟು ಕೊಟ್ಟಿಗೆ ಖಾಲಿಯಾದವು ಎಂದು ನೋಡಿದ್ದೀರಿ. ನಡೆಯುವ ಮಾತೇ ಎಂಬುದಕ್ಕೆ ನನಗಿಂತ ಅಕ್ಕ ಚೆನ್ನಾಗಿ ಉತ್ತರ ಕೊಡುತ್ತಾರೆ.

---

ಹಾಲಿನ ಕ್ಯಾನು

ಊರೊಟ್ಟಿನ ಎತ್ತು ಎಂದರೆ ಯಾರೂ ಮೇವು ಹಾಕದ ಎತ್ತು ಆಗಬಾರದು. ತಿಂಗಳ ಸಂಬಳಕ್ಕೆ ಒಬ್ಬರನ್ನು ಗೊತ್ತು ಮಾಡಿ, ಹೆಂಗಸಾದರೆ ಗಂಡಸಿನಷ್ಟೇ ಕೊಡಿ. ಮೇವಿಗೆ ಹತ್ತು ಗುಂಟೆ ಬರೆದುಕೊಡುವವರು ಯಾರೆಂದು ಕರು ತರುವ ಮೊದಲೇ ಪಂಚಾಯಿತಿಯಲ್ಲಿ ಕಾಗದ ಮಾಡಿಸಿ. ಮುದಿಯಾದ ಮೇಲೆ ಏನು ಎಂಬುದನ್ನೂ ಆ ಕಾಗದದಲ್ಲೇ ಬರೆಯಿರಿ. ಸತ್ತರೆ ಗುಂಡಿ ತೋಡಲು ಜೆಸಿಬಿ ಬಾಡಿಗೆ ಇಂತಿಷ್ಟು ಎಂದು ಈಗಲೇ ತೆಗೆದಿಡಿ, ಯಾರ ಕೇರಿಗೂ ಹೇಳಿ ಕಳಿಸಬೇಡಿ. ಇಷ್ಟಕ್ಕೂ ಸಹಿ ಬಿದ್ದರೆ ಘಾಟಿ ಜಾತ್ರೆಗೆ ನಾನೂ ಬರುತ್ತೇನೆ. ಹಲ್ಲು ನೋಡಲು ನನಗೂ ಬರುತ್ತದೆ.